ಇಸ್ಪೀಟಿನ ಎಲೆಯೂ ಮಹಾವೀರಾಚಾರ್ಯರ ಲೆಕ್ಕವೂ

ಪೋಕರ್ ಎಂಬ ಇಸ್ಪೀಟಾಟವು ಇಂದು ಮೊಬೈಲಿನ ಮೂಲಕ ಮನೆಯೊಳಗೆ ಬಂದಿದೆ. ಅದು ಬುದ್ಧಿಯ ಆಟವೆಂಬ ಮಾತು ಸುಳ್ಳಲ್ಲ; ಆದರೆ ಆ ಬುದ್ಧಿಯು ಮೊದಲು ಕಲಿಸುವುದು ತಡೆದು ನಿಲ್ಲುವುದನ್ನು.

52 ಎಲೆಗಳಲ್ಲಿ ಎರಡನ್ನು ಎಷ್ಟು ಬಗೆಯಾಗಿ ಆರಿಸಬಹುದು? ಇಂಥ ಲೆಕ್ಕಕ್ಕೆ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಸೂತ್ರವನ್ನು ಕೊಟ್ಟಿದ್ದಾರೆ. 52ನ್ನು 51ರಿಂದ ಗುಣಿಸಿ 2ರಿಂದ ಭಾಗಿಸಿದರೆ 1326. ಅವುಗಳಲ್ಲಿ ಎರಡೂ ಎಕ್ಕಗಳಾಗಿರುವುದು ಆರು ಮಾತ್ರ. ಎಂದರೆ ಸರಾಸರಿ 221 ಸಲಕ್ಕೊಮ್ಮೆ. ಆದುದರಿಂದ ನುರಿತ ಆಟಗಾರನು ಹೆಚ್ಚಿನ ಸಲ ಎಲೆಗಳನ್ನು ಕೆಳಗಿಡುತ್ತಾನೆ. ಸೋತ ಹಣದ ಬೆನ್ನು ಹತ್ತುವುದಿಲ್ಲ.

ಹಣವಿಟ್ಟು ಆಡುವಲ್ಲಿ ಈ ಶಿಸ್ತೂ ಸಾಲದು. ನಿಲಕ್ಕೋಟ್ಟೈ ಹೂವಿನ ಮಾರುಕಟ್ಟೆಯಲ್ಲಿ ದಲ್ಲಾಳಿಯು ಕಮಿಷನ್ ಹಿಡಿದರೂ ಮಲ್ಲಿಗೆಯು ಕೊಂಡವನ ಕೈಸೇರುತ್ತದೆ. ಪೋಕರಿನಲ್ಲಿ ಒಬ್ಬನ ಗೆಲವು ಮತ್ತೊಬ್ಬನ ಸೋಲು. ನಡುವೆ ಕಂಪನಿಯು ಪಣದಲ್ಲಿ ಪಾಲು ಹಿಡಿಯುವುದರಿಂದ ಆಟಗಾರರ ಒಟ್ಟು ಹಣ ಕರಗುತ್ತಲೇ ಹೋಗುತ್ತದೆ.

2025ರ ಫೆಬ್ರವರಿಯಲ್ಲಿ ತಮಿಳುನಾಡು ನಡುರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಇಂಥ ಆಟಗಳನ್ನು ತಡೆಯಿತು. ಅದೇ ಆಗಸ್ಟಿನಲ್ಲಿ ಸಂಸತ್ತು, ಬುದ್ಧಿಯ ಆಟ, ಅದೃಷ್ಟದ ಆಟವೆಂಬ ಭೇದವಿಲ್ಲದೆ, ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು.

221ರ ಲೆಕ್ಕವನ್ನು ಹೆತ್ತವರು ಮಕ್ಕಳೊಡನೆ ಕುಳಿತು ಮಾಡಿನೋಡಲಿ. ಅದನ್ನು ಕಲಿಯಲು ಕಾಗದ, ಪೆನ್ಸಿಲು ಸಾಕು; ಮನೆಯ ಬ್ಯಾಂಕ್ ಖಾತೆ ಬೇಕಿಲ್ಲ.