ಜನರಲ್ ಸಾಹೇಬರು ಮತ ಕೇಳಲು ಬಂದಾಗ

ದೆಹಲಿಯ ತೀನ್ ಮೂರ್ತಿ ಭವನ ಎಂದೊಡನೆ ನೆನಪಾಗುವುದು ಜವಾಹರಲಾಲ್ ನೆಹರೂ. ಆದರೆ ಬ್ರಿಟಿಷರು ಅದನ್ನು ಕಟ್ಟಿಸಿದ್ದು ತಮ್ಮ ಕಮಾಂಡರ್ ಇನ್ ಚೀಫ್‌ಗಾಗಿ. ವೈಸರಾಯ್ ಬಿಟ್ಟರೆ ಆತನದೇ ದರ್ಬಾರು. ಕಾರ್ಯಕಾರಿ ಮಂಡಳಿಯಲ್ಲೂ ಆತನಿಗೆ ಕುರ್ಚಿಯಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ ಆ ಬಂಗಲೆಗೆ ಪ್ರಧಾನಿ ಬಂದರು. 1955ರಲ್ಲಿ ಕಮಾಂಡರ್ ಇನ್ ಚೀಫ್ ಎಂಬ ಪದನಾಮವೂ ಹೋಗಿ, ಮೂರೂ ಪಡೆಗಳ ಮುಖ್ಯಸ್ಥರು ‘ಚೀಫ್ ಆಫ್ ಸ್ಟಾಫ್’ ಆದರು. ಸರ್ವೋಚ್ಚ ದಂಡನಾಯಕರು ರಾಷ್ಟ್ರಪತಿ ಮಾತ್ರ.

ಜನರಲ್‌ಗಳಿಗೆ ಗೌರವ ಧಾರಾಳ, ಅಧಿಕಾರಕ್ಕೆ ಕಡಿವಾಣ. ಈ ಹೊಸ ಕಟ್ಟುಪಾಡಿನ ಬಿಸಿ ಮೊದಮೊದಲು ತಟ್ಟಿದವರಲ್ಲಿ ಇಬ್ಬರು ಕೊಡಗಿನವರು.

ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು, ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಸೇನಾ ದಿನ ಆಚರಿಸುವುದು ಅದೇ ದಿನ. 1953ರಲ್ಲಿ ನಿವೃತ್ತರಾದ ಕಾರ್ಯಪ್ಪನವರನ್ನು ಸರ್ಕಾರ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಕಳಿಸಿತು.

ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರ ಕತೆ ಇನ್ನೂ ಬಿಗಿಯಾದದ್ದು. 1948ರ ನವೆಂಬರ್‌ನಲ್ಲಿ, ಕಾಶ್ಮೀರದ ಯುದ್ಧದಲ್ಲಿ, ಜೋಜಿಲಾ ಕಣಿವೆಯನ್ನು ಮರಳಿ ಪಡೆಯಲು ಅವರು ಟ್ಯಾಂಕ್‌ಗಳನ್ನೇ ಮೇಲೆ ಹತ್ತಿಸಿದರು. ದಾರಿಯ ಸೇತುವೆಗಳು ಭಾರ ತಡೆಯಲೆಂದು ಟ್ಯಾಂಕ್‌ಗಳ ತಿರುಗೋಪುರ ಕಳಚಿ, ಶತ್ರುವಿಗೆ ಸುಳಿವು ಸಿಗದಂತೆ ಸಾಗಿಸಲಾಗಿತ್ತು. ಸುಮಾರು 11,500 ಅಡಿ ಎತ್ತರದ ಆ ದಾಳಿಯಲ್ಲಿ ಡಿವಿಷನ್ ಕಮಾಂಡರ್ ತಿಮ್ಮಯ್ಯ ಮುಂಚೂಣಿಯ ಟ್ಯಾಂಕ್‌ನಲ್ಲಿದ್ದರು. ಕೊರಿಯಾ ಯುದ್ಧದ ನಂತರ ಯುದ್ಧಕೈದಿಗಳನ್ನು ಸ್ವದೇಶಕ್ಕೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೂ ಅವರೇ ಅಧ್ಯಕ್ಷರು. 1957ರಲ್ಲಿ ಸೇನಾ ಮುಖ್ಯಸ್ಥರಾಗುವ ಹೊತ್ತಿಗೆ ಅವರ ಹೆಸರು ದೇಶದ ಬಾಯಲ್ಲಿತ್ತು.

ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರಿಗೂ ತಿಮ್ಮಯ್ಯನವರಿಗೂ ಸರಿಬರಲಿಲ್ಲ. ಬಡ್ತಿಗಳಲ್ಲಿ ಸಚಿವರು ಕೈಯಾಡಿಸುತ್ತಾರೆಂಬ ಅಸಮಾಧಾನ ಬೆಳೆದು, 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಬರೆದು ಕಳಿಸಿದರು. ನೆಹರೂ ಕರೆಸಿ ಸಮಾಧಾನ ಹೇಳಿದರು, ಜನರಲ್ ಪತ್ರ ಹಿಂಪಡೆದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸೋರಿಹೋಗಿತ್ತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ, ನಾಗರಿಕ ಆಡಳಿತವೇ ಮೇಲು ಎಂದು ಖಡಾಖಂಡಿತವಾಗಿ ಹೇಳಿ, ಜನರಲ್ ಅವಸರಪಟ್ಟರೆಂದು ಆಕ್ಷೇಪಿಸಿದರು. ಎರಡು ದಿನದ ಹಿಂದೆ ಮನವೊಲಿಸಿದವರೇ ಸದನದಲ್ಲಿ ಹಾಗೆಂದಾಗ, ಪತ್ರ ವಾಪಸು ಪಡೆದ ತಿಮ್ಮಯ್ಯನವರಿಗೆ ಉತ್ತರ ಕೊಡುವ ದಾರಿಯೇ ಉಳಿದಿರಲಿಲ್ಲ. ಅವರು 1961ರಲ್ಲಿ ನಿವೃತ್ತರಾದರು. ಮರುವರ್ಷ ಚೀನಾ ಯುದ್ಧದ ಸೋಲಿನ ನಡುವೆ ಮೆನನ್ ಕುರ್ಚಿ ಬಿಟ್ಟರು. ತಿಮ್ಮಯ್ಯ ಚುನಾವಣೆಯ ಕಡೆ ತಲೆಹಾಕಲಿಲ್ಲ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸುತ್ತಿದ್ದಾಗ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಕಾರ್ಯಪ್ಪ ಚುನಾವಣೆಯ ಕಡೆ ತಲೆಹಾಕಿದರು. 1971ರಲ್ಲಿ ಈಶಾನ್ಯ ಮುಂಬೈಯಿಂದ ಲೋಕಸಭೆಗೆ ಸ್ಪರ್ಧಿಸಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಇಂದಿರಾ ಅಲೆಯ ಎದುರು ಸೋತರು. ಅದೇ ದೇಶ 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು.

ಮತದಾರರು ಎಲ್ಲರನ್ನೂ ಹೀಗೆ ಬರಿಗೈಲಿ ಕಳಿಸಿಲ್ಲ. ಮೇಜರ್ ಜನರಲ್ ಬಿ.ಸಿ. ಖಂಡೂರಿ ವಾಜಪೇಯಿ ಸಂಪುಟದಲ್ಲಿ ಹೆದ್ದಾರಿ ಸಚಿವರಾಗಿ ಹೆಸರು ಮಾಡಿ, ಉತ್ತರಾಖಂಡದ ಮುಖ್ಯಮಂತ್ರಿಯೂ ಆದರು. 2012ರಲ್ಲಿ ಪಕ್ಷ ‘ಖಂಡೂರಿ ಹೈ ಜರೂರಿ’ ಎಂದು ಅವರ ಹೆಸರಲ್ಲೇ ಮತ ಕೇಳಿತು; ಕೋಟದ್ವಾರದಲ್ಲಿ ಖಂಡೂರಿಯವರೇ ಸೋತರು. ಸೇನಾ ಮುಖ್ಯಸ್ಥರಾಗಿ 2012ರಲ್ಲಿ ನಿವೃತ್ತರಾದ ವಿ.ಕೆ. ಸಿಂಗ್ ಎರಡೇ ವರ್ಷದಲ್ಲಿ ಗಾಜಿಯಾಬಾದ್‌ನಿಂದ 5.6 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದು ಸಚಿವರಾದರು.

ಸೇವೆಯಲ್ಲಿರುವ ಅಧಿಕಾರಿ ರಾಜಕೀಯ ಸಭೆಗಳಲ್ಲಿ ಭಾಗವಹಿಸುವಂತಿಲ್ಲ, ಅನುಮತಿಯಿಲ್ಲದೆ ಪತ್ರಿಕೆಗಳ ಮುಂದೆ ಬಾಯಿ ಬಿಡುವಂತಿಲ್ಲ. ಸಮವಸ್ತ್ರ ಕಳಚಿದ ಮರುದಿನ ಪಕ್ಷ ಸೇರಲು ಮಾತ್ರ ಯಾವ ಅಡ್ಡಿಯೂ ಇಲ್ಲ. ಕೊಂಚ ಕಾಲ ಕಾಯುವ ನಿಯಮ ಬೇಕು ಎನ್ನುವವರಿದ್ದಾರೆ. ಎಲ್ಲ ನಾಗರಿಕರಿಗೂ ಇರುವ ಹಕ್ಕು ಮಾಜಿ ಸೈನಿಕನಿಗೇಕೆ ಬೇಡ ಎಂದು ಕೇಳುವವರೂ ಇದ್ದಾರೆ. 2019ರ ಚುನಾವಣೆಗೆ ಮುನ್ನ, ಯೋಧರ ಚಿತ್ರಗಳನ್ನು ಪ್ರಚಾರಕ್ಕೆ ಬಳಸದಂತೆ ಚುನಾವಣಾ ಆಯೋಗ ಪಕ್ಷಗಳಿಗೆ ಸೂಚಿಸಬೇಕಾಯಿತು. ಸೇನೆಯನ್ನು ರಾಜಕೀಯಕ್ಕೆ ಎಳೆಯಬೇಡಿ ಎಂದು ರಾಷ್ಟ್ರಪತಿಯವರನ್ನು ಉದ್ದೇಶಿಸಿದ, 150ಕ್ಕೂ ಹೆಚ್ಚು ಮಾಜಿ ಯೋಧರ ಹೆಸರಿದ್ದ ಪತ್ರವೊಂದು ಆಗಲೇ ಹೊರಬಂತು. ಅದರಲ್ಲಿ ಹೆಸರಿದ್ದ ಮಾಜಿ ಸೇನಾ ಮುಖ್ಯಸ್ಥ ಎಸ್.ಎಫ್. ರಾಡ್ರಿಗಸ್, ತಾವು ಸಹಿಯನ್ನೇ ಹಾಕಿಲ್ಲ ಎಂದುಬಿಟ್ಟರು.