ಘಟಕ ವ್ಯವಸ್ಥಾಪಕರ ನೇಮಕ ಹಾಗೂ ಸಾರಿಗೆ ಸಿಬ್ಬಂದಿಯ ಸುರಕ್ಷತೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು ಬಸ್ ಸೇವೆ ಒದಗಿಸುತ್ತಿದೆ. ಹೆಚ್ಚುವರಿ ಬಸ್ ಕೋರಿದ ಅರ್ಜಿಗಳನ್ನು ಪರಿಶೀಲಿಸುವಾಗ ವಾಹನದ ಲಭ್ಯತೆಯೊಂದಿಗೆ ಚಾಲಕರ ವಿಶ್ರಾಂತಿಯನ್ನೂ ಪರಿಗಣಿಸಬೇಕಾಗುತ್ತದೆ. ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮ, 1961 ವಿಧಿಸಿದ್ದ ದಿನಕ್ಕೆ 8 ಗಂಟೆಗಳ ದುಡಿಮೆಯ ಮಿತಿಯನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಉಳಿಸಿಕೊಂಡಿದೆ. ಮೈಲಾರ ಕಾರಣಿಕ, ಕೊಟ್ಟೂರು ರಥೋತ್ಸವಗಳ ದಿನಗಳಲ್ಲಿ ಈ ಮಿತಿಯ ಪಾಲನೆ ಕಠಿಣವೇ ಸರಿ. ಆದ್ದರಿಂದ ಘಟಕ ವ್ಯವಸ್ಥಾಪಕರ ಹುದ್ದೆಗೆ ನೇಮಿಸುವಾಗ ಲೆಕ್ಕಪತ್ರದ ತಿಳಿವಳಿಕೆಯಷ್ಟೇ, ದಣಿದ ಚಾಲಕನಿಗೆ ಬಸ್ ಒಪ್ಪಿಸಲು ನಿರಾಕರಿಸುವ ದೃಢತೆಯೂ ಮುಖ್ಯವೆನ್ನಬೇಕು. ರಾತ್ರಿ ವಸತಿ ಬಸ್ ಕೋರುವವರು, ಸಿಬ್ಬಂದಿ ಮಲಗಲು ಗ್ರಾಮದಲ್ಲಿ ಸ್ಥಳ ಹಾಗೂ ಶೌಚಾಲಯವಿದೆಯೇ ಎಂಬುದನ್ನು ಅರ್ಜಿಯಲ್ಲಿಯೇ ನಮೂದಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.