ಎಲ್ಲರಿಗೂ ಒಂದೇ ಸಾಲಿ

ಗೆಳೆಯ ಗೆಳತಿಯರೇ, ಈ ತಿಂಗಳ ಗೋಡೆ ಪತ್ರಿಕೆಗೆ ನಾನು ‘ಸಮನ್ವಯ ಶಿಕ್ಷಣ’ದ ಬಗ್ಗೆ ಬರೆದಿದ್ದೇನೆ. ಹೆಸರು ದೊಡ್ಡದು, ಆದರೆ ಅರ್ಥ ಸರಳ. ಕಣ್ಣು ಕಾಣದ, ಕಿವಿ ಕೇಳದ, ನಡೆಯಲು ಬಾರದ, ನಿಧಾನವಾಗಿ ಕಲಿಯುವ ಮಕ್ಕಳು ತಮ್ಮ ಊರಿನ ಸಾಲಿಯಲ್ಲೇ, ಉಳಿದ ಮಕ್ಕಳ ಜೋಡಿ ಒಂದೇ ವರ್ಗದಲ್ಲಿ ಕೂತು ಕಲಿಯುವುದಕ್ಕೆ ಸಮನ್ವಯ ಶಿಕ್ಷಣ ಅಂತಾರೆ.

“ಅವರಿಗೆ ಬ್ಯಾರೆ ಸಾಲಿ ಅದಾವಲ್ಲ, ಇಲ್ಲಿಗೆ ಯಾಕ ಬರಬೇಕು?” ಅಂತ ಕೆಲವರು ಕೇಳ್ತಾರೆ. ವಿಶೇಷ ಶಾಲೆಗಳೂ ಬೇಕು. ಬ್ರೈಲ್ ಲಿಪಿ, ಸನ್ನೆ ಭಾಷೆ ಚೆನ್ನಾಗಿ ಕಲಿಸುವವರು ಅಲ್ಲಿ ಇರುತ್ತಾರೆ. ಆದರೆ ಅಂಥ ಶಾಲೆ ಎಲ್ಲ ಊರಲ್ಲೂ ಇಲ್ಲ. ಸಣ್ಣ ಮಕ್ಕಳು ಅವ್ವ ಅಪ್ಪನ್ನ ಬಿಟ್ಟು ದೂರದ ವಸತಿ ಶಾಲೆಯಲ್ಲಿ ಇರಬೇಕಾಗುತ್ತದೆ. ಅದಕ್ಕೇ ಎಷ್ಟೋ ಮಕ್ಕಳು ಯಾವ ಸಾಲಿಗೂ ಹೋಗದೆ ಮನೆಯಲ್ಲೇ ಉಳೀತಾರೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಅಂಗವಿಕಲರ ಹಕ್ಕಿಗಾಗಿ 1995ರಲ್ಲಿ ಒಂದು ಕಾನೂನು ಆಯಿತು. ಅದರಲ್ಲಿ 7 ಬಗೆಯ ಅಂಗವಿಕಲತೆಗಳನ್ನು ಹೇಳಿದ್ದರು. 2016ರಲ್ಲಿ ಅದರ ಬದಲಿಗೆ ಹೊಸ ಕಾನೂನು ಬಂತು. ಇದರಲ್ಲಿ 21 ಬಗೆಗಳಿವೆ. ಅಕ್ಷರ ಓದುವುದರಲ್ಲಿ, ಬರೆಯುವುದರಲ್ಲಿ ಬಹಳ ತೊಂದರೆ ಪಡುವ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಅಂದರೆ ‘ದ’ ಮತ್ತು ‘ಥ’ ಪದೇಪದೇ ತಪ್ಪುವ ಹುಡುಗ ಸೋಮಾರಿಯೇ ಇರಬೇಕು ಅಂತೇನಿಲ್ಲ.

ಅಂಗವಿಕಲತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮನೆ ಹತ್ತಿರದ ಸಾಲಿಗೆ ಹೋಗಬಹುದು, ಬೇಕಾದರೆ ವಿಶೇಷ ಶಾಲೆಗೂ ಹೋಗಬಹುದು. ಆರಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು. ಇದು ಯಾರೋ ಕನಿಕರಪಟ್ಟು ಕೊಡುವುದಲ್ಲ, ನಮಗೆಲ್ಲ ಇರುವಂಥದೇ ಹಕ್ಕು.

ಹಕ್ಕು ಇದ್ದರೂ ಯಾಕೆ ಬರುವುದಿಲ್ಲ?

ನಮ್ಮ ಓಣಿಯಲ್ಲಿ ಎಂಟು ವರ್ಷದ ಒಬ್ಬ ಹುಡುಗ ಇದ್ದಾನೆ. ಅವನ ಕಾಲು ಬಿಗಿಯಾಗಿವೆ, ನಡೆಯಲು ಆಗುವುದಿಲ್ಲ. ಮಾತು ನಿಧಾನ. ಆದರೆ ಅವನ ಅವ್ವ ಕಿರಾಣಿ ಅಂಗಡಿಯಿಂದ ಬಂದ ಕೂಡಲೇ ಚಿಲ್ಲರೆ ಲೆಕ್ಕ ಬಾಯಿಲೇ ಹೇಳ್ತಾನೆ. ಎರಡು ವರ್ಷದ ಹಿಂದೆ ಒಂದು ಸಾಲಿಗೆ ಕರಕೊಂಡು ಹೋದಾಗ, “ಇವನ್ನ ನೋಡಿಕೊಳ್ಳೋರು ಯಾರು? ಮುಂದಿನ ವರ್ಷ ನೋಡೋಣ” ಅಂದರಂತೆ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ಬರುವ ಜೂನ್‌ನಲ್ಲಿ ನಮ್ಮ ಸಾಲಿಗೆ ಹೆಸರು ಹಚ್ಚಬೇಕು ಅಂತ ಅವನ ಅವ್ವ ಹೇಳುತ್ತಿದ್ದಾರೆ.

ಅವನು ಬಂದರೆ ಮೊದಲು ಅಡ್ಡ ಆಗುವುದು ಪಾಠ ಅಲ್ಲ, ಪಾವಟಿಗೆ! ನಮ್ಮ ಸಾಲಿಗೆ ಮೂರು ಪಾವಟಿಗೆ ಇವೆ. ನಾನು ಪಟ್ಟಿ ಹಿಡಿದು ಅಳೆದು ನೋಡಿದೆ. ಒಂದೊಂದು 15 ಸೆಂ.ಮೀ., ಒಟ್ಟು 45 ಸೆಂ.ಮೀ. ಎತ್ತರ. ಗಾಲಿ ಕುರ್ಚಿ ಏರಬೇಕಾದರೆ ಇಳಿಜಾರು ದಾರಿ ಬೇಕು. ಅದಕ್ಕೆ 1:12 ಅನ್ನುವ ಪ್ರಮಾಣ ಇದೆ. ಅಂದರೆ 1 ಸೆಂ.ಮೀ. ಎತ್ತರಕ್ಕೆ 12 ಸೆಂ.ಮೀ. ಉದ್ದ. ನಾವು ಗಣಿತದಲ್ಲಿ ಕಲಿತ ಹಾಗೆ ಲೆಕ್ಕ ಮಾಡಿದರೆ 45 × 12 = 540 ಸೆಂ.ಮೀ., ಸುಮಾರು 18 ಅಡಿ. ಇದಕ್ಕಿಂತ ಕಡಿಮೆ ಉದ್ದಕ್ಕೆ ಕಟ್ಟಿದರೆ ಏರು ಹೆಚ್ಚಾಗಿ ಕುರ್ಚಿ ಹಿಂದಕ್ಕೆ ಜಾರುತ್ತದೆ. ಪಕ್ಕಕ್ಕೆ ಹಿಡಿಕೆ ಕಂಬಿಯೂ ಬೇಕು. ಧ್ವಜದ ಕಟ್ಟೆಯ ಕಡೆ ಅಷ್ಟು ಜಾಗ ನಮ್ಮಲ್ಲಿ ಇದೆ. ಶೌಚಾಲಯಕ್ಕೂ ಗಾಲಿ ಕುರ್ಚಿ ಹೋಗುವಂತಿರಬೇಕು. ಅದಿಲ್ಲದಿದ್ದರೆ ಆ ಮಗು ಇಡೀ ದಿನ ನೀರು ಕುಡಿಯದೆ ಕೂಡಬೇಕಾಗುತ್ತದೆ.

ವರ್ಗದೊಳಗೆ ಏನು ಬದಲಾಗಬೇಕು?

1) ಕಿವಿ ಕೇಳದ ಮಗು ತುಟಿ ನೋಡಿ ಮಾತು ತಿಳಿದುಕೊಳ್ಳುತ್ತದೆ. ಹಲಗೆಯ ಕಡೆ ಮುಖ ಮಾಡಿ ಮಾತಾಡಿದರೆ ಅದಕ್ಕೆ ಏನೂ ಸಿಗುವುದಿಲ್ಲ. ಬರೆದು ಮುಗಿಸಿ, ತಿರುಗಿ ನಿಂತು ಹೇಳಬೇಕು. ಕಿವಿಗೆ ಹಾಕುವ ಯಂತ್ರ ಪಾಠದ ಜೊತೆ ನಮ್ಮ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಆದ್ದರಿಂದ ಸುಮ್ಮನಿರುವುದೂ ಒಂದು ಸಹಾಯ.

2) ಮಂದ ದೃಷ್ಟಿಯವರಿಗೆ ಮುಂದಿನ ಸಾಲು, ದಪ್ಪ ಅಕ್ಷರ ಬೇಕು. ಹಲಗೆ ಮೇಲೆ ಬರೆದದ್ದನ್ನು ಬಾಯಿಂದಲೂ ಓದಿ ಹೇಳಬೇಕು.

3) ಪೂರ್ತಿ ಕಾಣದವರು ಬ್ರೈಲ್‌ನಲ್ಲಿ ಓದುತ್ತಾರೆ. 6 ಚುಕ್ಕಿಗಳನ್ನು ಬೇರೆ ಬೇರೆ ರೀತಿ ಕೂಡಿಸಿ 63 ಗುರುತು ಮಾಡಬಹುದು. ಕನ್ನಡಕ್ಕೂ ಬ್ರೈಲ್ ಇದೆ. ಮೊಳೆಯಂಥ ಕಡ್ಡಿಯಿಂದ ಕಾಗದ ಚುಚ್ಚುವಾಗ ಬಲದಿಂದ ಎಡಕ್ಕೆ ಬರೆಯಬೇಕು. ಕಾಗದ ತಿರುವಿ, ಉಬ್ಬಿದ ಚುಕ್ಕಿಗಳನ್ನು ಎಡದಿಂದ ಬಲಕ್ಕೆ ಓದಬೇಕು. ನಮ್ಮಿಂದ ಆದೀತೇ?

4) ಪರೀಕ್ಷೆಯಲ್ಲಿ ಇವರಿಗೆ ಹೆಚ್ಚು ಸಮಯ, ಬೇಕಾದರೆ ಬರೆದುಕೊಡುವವರ ನೆರವು ಸಿಗುತ್ತದೆ. ಇದು ಮೋಸ ಅಲ್ಲ. ಉತ್ತರ ಅವರದೇ, ಕೈ ಮಾತ್ರ ಇನ್ನೊಬ್ಬರದು.

ಗುರುಗಳು ಒಬ್ಬರೇ ಇದೆಲ್ಲ ಹೇಗೆ ಮಾಡಬೇಕು ಅಂತ ಕೇಳಬಹುದು. ಈ ಪ್ರಶ್ನೆಯೂ ನಿಜ. ಒಂದು ವರ್ಗದಲ್ಲಿ ಮಕ್ಕಳು ಬಹಳ ಇರುತ್ತಾರೆ. ಅದಕ್ಕಾಗಿ ‘ಸಮಗ್ರ ಶಿಕ್ಷಣ’ ಯೋಜನೆಯಲ್ಲಿ ತಾಲೂಕಿನ ಮಟ್ಟದಲ್ಲಿ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರನ್ನು ಇಟ್ಟಿದ್ದಾರೆ. ವೈದ್ಯಕೀಯ ಶಿಬಿರ ಮಾಡಿ ಗಾಲಿ ಕುರ್ಚಿ, ಕಿವಿಯ ಯಂತ್ರ ಕೊಡುತ್ತಾರೆ. ಏಳಲಿಕ್ಕೂ ಆಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವ ವ್ಯವಸ್ಥೆಯೂ ಇದೆ. ವಿಚಾರಿಸಬೇಕಾದ್ದು ಬಿ.ಆರ್.ಸಿ. ಕೇಂದ್ರದಲ್ಲಿ. ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇಲ್ಲ. ಓದಿದವರು ಮನೆಗೆ ಹೋಗಿ ಹೇಳಿರಿ.

ನಮ್ಮ ಹತ್ತಿರದ ದೊಡ್ಡ ಉದಾಹರಣೆ

ಹುಬ್ಬಳ್ಳಿಯಿಂದ ರೈಲು ಹತ್ತಿದರೆ ಗದಗ ದೂರ ಇಲ್ಲ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮ ಎಲ್ಲರಿಗೂ ಗೊತ್ತು. ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟಾ ಅಂಧರು. ಹಾನಗಲ್ ಕುಮಾರ ಸ್ವಾಮಿಗಳು ಅವರಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಕೂಸಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಪುಸ್ತಕ ಬರೆದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಇದರಲ್ಲಿ ಇನ್ನೊಂದು ಮಾತು ಇದೆ. ನಮ್ಮ ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರು ಅವರಿಗೆ ಕಣ್ಣು ಕಾಣುತ್ತಿತ್ತು. ಅವರೂ ಪಂಚಾಕ್ಷರಿ ಗವಾಯಿಗಳ ಹತ್ತಿರವೇ ಕಲಿತು ದೊಡ್ಡ ಗಾಯಕರಾದರು. ಕಣ್ಣಿಲ್ಲದ ಗುರು, ಕಣ್ಣಿದ್ದ ಶಿಷ್ಯ! ಕೂಡಿ ಕಲಿತರೆ ಲಾಭ ಒಬ್ಬರಿಗೇ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಾವು ಮಾಡಬೇಕಾದ್ದು

ಕುಂಟ, ಕಿವುಡ, ಮೂಗ ಅಂತ ಅಡ್ಡಹೆಸರು ಇಡಬಾರದು, ಹೆಸರು ಹಿಡಿದು ಕರೆಯಬೇಕು. ಕೇಳದೆ ಗಾಲಿ ಕುರ್ಚಿ ನೂಕಬಾರದು, “ನೂಕಲೇನು?” ಅಂತ ಕೇಳಬೇಕು. ನಿಧಾನವಾಗಿ ಮಾತಾಡುವವರ ಮಾತನ್ನು ನಾವೇ ಮುಗಿಸಬಾರದು, ಕಾಯಬೇಕು. ಆಟದಲ್ಲಿ ಬರೀ ಅಂಕ ಬರೆಯುವ ಕೆಲಸ ಕೊಡದೆ, ಆಡುವ ಹಾಗೆ ನಿಯಮ ಬದಲಿಸಬೇಕು.

ಹೆಸರು ಹಚ್ಚಿಕೊಂಡರೆ ಅರ್ಧ ಕೆಲಸ ಮಾತ್ರ ಆಯಿತು. ಮಗು ಸಾಲಿಗೆ ಹೊಂದಿಕೊಳ್ಳುವಷ್ಟೇ ಸಾಲಿಯೂ ಮಗುವಿಗೆ ಹೊಂದಿಕೊಳ್ಳಬೇಕು. ಎಸ್.ಡಿ.ಎಂ.ಸಿ. ಸಭೆಯಲ್ಲಿ ಆ 18 ಅಡಿಯ ಇಳಿಜಾರಿನ ವಿಷಯ ಇಡಬೇಕೆಂದು ಮುಖ್ಯ ಗುರುಗಳಲ್ಲಿ ನನ್ನ ವಿನಂತಿ. ಅಳತೆಯ ಚೀಟಿಯನ್ನು ಈ ಹಾಳೆಯ ಕೆಳಗೆ ಅಂಟಿಸಿದ್ದೇನೆ. ಜೂನ್‌ಗೆ ಇನ್ನೂ ಸಮಯ ಇದೆ.

– 7ನೇ ತರಗತಿ, ಗೋಪನಕೊಪ್ಪ